ಪರೀಕ್ಷೆ ಹೊತ್ತಿಗೆ ವಿಟಮಿನ್ ಮಾತ್ರೆ: ಕೊಳ್ಳುವ ಮೊದಲು, ಕೊಂಡ ಮೇಲೆ

ಸೆಮಿಸ್ಟರ್ ಪರೀಕ್ಷೆಯ ಟೈಮ್‌ಟೇಬಲ್ ಬಂದರೆ ಅದು ನನ್ನ ಅಂಗಡಿಗೂ ಗೊತ್ತಾಗುತ್ತದೆ. ನಿನ್ನೆಯವರೆಗೆ ಮೊಡವೆ ಕ್ರೀಮು, ಶೀತದ ಮಾತ್ರೆ ಕೇಳುತ್ತಿದ್ದ ಮಕ್ಕಳು ಇವತ್ತು ಸಂಜೆ ಬೇರೆ ದನಿಯಲ್ಲಿ ಶುರು ಮಾಡುತ್ತಾರೆ. "ಆಂಟಿ, ಸುಸ್ತಿಗೆ ಏನಾದ್ರೂ ಕೊಡಿ." "ಮೇಡಂ, ನೆನಪಿನ ಶಕ್ತಿಗೆ ಯಾವುದು ಒಳ್ಳೇದು?" "ಅಕ್ಕಾ, ಟೆನ್ಷನ್‌ಗೆ ವಿಟಮಿನ್ ಇದ್ಯಾ?"

ಶಿವಮೊಗ್ಗದ ದುರ್ಗಿಗುಡಿಯ ಒಂದು ಅಡ್ಡರಸ್ತೆಯಲ್ಲಿ 22 ವರ್ಷದಿಂದ ಮೆಡಿಕಲ್ ಅಂಗಡಿ ನಡೆಸುತ್ತಿದ್ದೇನೆ. ಓದಿದ್ದು ಡಿ.ಫಾರ್ಮ, ಡಾಕ್ಟರ್ ಅಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹುಟ್ಟಿದ್ದು ತೀರ್ಥಹಳ್ಳಿ ಕಡೆ. ಅಂಗಡಿಗೆ ಬರುವವರಲ್ಲಿ ಅರ್ಧಕ್ಕರ್ಧ ಓದುವ ಮಕ್ಕಳು. ಸಹ್ಯಾದ್ರಿ ಕಾಲೇಜಿನವರು, ಪಿಜಿಯಲ್ಲಿರುವ ಎಂಜಿನಿಯರಿಂಗ್‌ನವರು, ಶನಿವಾರ ಶಂಕರಘಟ್ಟದಿಂದ ಬಸ್ಸು ಹತ್ತಿ ಪೇಟೆಗೆ ಬರುವ ಕುವೆಂಪು ವಿಶ್ವವಿದ್ಯಾಲಯದವರು. ಮಾತ್ರೆ ಮಾರಿದರೆ ನನಗೇ ಲಾಭ, ಆದರೂ ಇದನ್ನು ಬರೆಯುತ್ತಿದ್ದೇನೆ. ಒಂದೇ ಮಾತನ್ನು ದಿನಕ್ಕೆ ಹದಿನೈದು ಸಲ ಹೇಳಿ ಗಂಟಲು ಕಟ್ಟಿದೆ.

ಆ ಮಾತು ಇಷ್ಟೇ. ವಿಟಮಿನ್ ಮಾತ್ರೆ ಇರುವುದು ಕೊರತೆ ತುಂಬುವುದಕ್ಕೆ. ನಿಮ್ಮ ಮೈಯಲ್ಲಿ ಏನೋ ಕಡಿಮೆಯಿದ್ದರೆ ಅದು ನಿಜಕ್ಕೂ ದೊಡ್ಡ ಕೆಲಸ ಮಾಡುತ್ತದೆ. ಕಡಿಮೆ ಇಲ್ಲದಿದ್ದರೆ ಮೂತ್ರ ಹಳದಿಯಾಗುತ್ತದೆ, ಪರ್ಸು ಹಗುರಾಗುತ್ತದೆ. ಹಾಗಾಗಿ ಯಾವ ಮಾತ್ರೆ ಅನ್ನುವುದಕ್ಕಿಂತ ಮೊದಲು, ಏನು ಕಡಿಮೆಯಿದೆ ಅಂತ ನೋಡಬೇಕು.

ಮೊದಲು ನಾಲ್ಕು ಪ್ರಶ್ನೆ

ಹೋದ ಮಳೆಗಾಲದಲ್ಲಿ ಒಬ್ಬಳು ಹುಡುಗಿ ಬಂದಳು. ಹೊಸನಗರದ ಕಡೆಯವಳು, ಪಿಜಿಯಲ್ಲಿ ಇದ್ದಾಳೆ. ಛತ್ರಿಯಿಂದ ನೀರು ಸೋರುತ್ತಿತ್ತು, ಮೆಟ್ಟಿಲ ಮೇಲೇ ಇಟ್ಟು ಒಳಗೆ ಬಂದಳು. ಎರಡೇ ಮೆಟ್ಟಿಲು ಹತ್ತಿದ್ದಕ್ಕೆ ಏದುಸಿರು. "ಓದಿದ್ದು ತಲೆಗೆ ಹೋಗ್ತಿಲ್ಲ ಆಂಟಿ, ಸ್ಟ್ರೆಸ್ ಜಾಸ್ತಿ. ಬಿ ಕಾಂಪ್ಲೆಕ್ಸ್ ಒಂದು ಶೀಟು ಕೊಡಿ" ಅಂದಳು.

ನಾನು ಎಲ್ಲರಿಗೂ ಕೇಳುವುದನ್ನೇ ಅವಳಿಗೂ ಕೇಳಿದೆ. ಈ ಸುಸ್ತು ಎಷ್ಟು ದಿನದಿಂದ? ರಾತ್ರಿ ಎಷ್ಟು ಗಂಟೆ ಮಲಗುತ್ತೀಯ? ಬೆಳಗ್ಗೆಯಿಂದ ಏನು ತಿಂದೆ? ಬೇರೆ ಯಾವುದಾದರೂ ಔಷಧಿ ತಗೊಳ್ತಿದ್ದೀಯಾ? ಹೆಣ್ಣುಮಕ್ಕಳಿಗೆ ಇನ್ನೊಂದು ಪ್ರಶ್ನೆ ದನಿ ತಗ್ಗಿಸಿ ಕೇಳುತ್ತೇನೆ, ಮುಟ್ಟಿನಲ್ಲಿ ಜಾಸ್ತಿ ಹೋಗುತ್ತಾ, ಎಷ್ಟು ದಿನ ಇರುತ್ತೆ ಅಂತ.

ಸುಸ್ತು ನಾಲ್ಕು ತಿಂಗಳಿನದು. ಬೆಳಗ್ಗೆ ಟೀ, ಎರಡು ರಸ್ಕು. ಮಧ್ಯಾಹ್ನ ಪಿಜಿಯವರ ಡಬ್ಬಿಯ ಅನ್ನ ಸಾರು. ಸಂಜೆ ಟೀ. ಮುಟ್ಟು ಏಳು ದಿನ. ಕೈ ಚಾಚು ಅಂದೆ. ಉಗುರು ಸುಣ್ಣದ ಗೋಡೆಯ ಹಾಗೆ ಬೆಳ್ಳಗಿತ್ತು. "ಇದು ಪರೀಕ್ಷೆಯ ಸುಸ್ತಲ್ಲ ಮಾರಾಯ್ತಿ. ಮೊದಲು ರಕ್ತ ಪರೀಕ್ಷೆ ಮಾಡಿಸು, ಆಮೇಲೆ ಮಾತ್ರೆ" ಅಂತ ಬರಿಗೈಯಲ್ಲಿ ಕಳಿಸಿದೆ. ಮರುದಿನ ರಿಪೋರ್ಟ್ ತಂದು ತೋರಿಸಿದಳು. ಹಿಮೋಗ್ಲೋಬಿನ್ 8.6. ಹೆಂಗಸರಿಗೆ 12ಕ್ಕಿಂತ ಕಡಿಮೆಯಾದರೆ ರಕ್ತಹೀನತೆ ಅನ್ನುತ್ತಾರೆ, ಗಂಡಸರಿಗೆ 13ಕ್ಕಿಂತ ಕಡಿಮೆಯಾದರೆ. ಬಿ ಕಾಂಪ್ಲೆಕ್ಸ್ ಶೀಟು ಕೊಟ್ಟು ಕಳಿಸಿದ್ದರೆ ಅವಳು ಪರೀಕ್ಷೆ ಮುಗಿಯುವವರೆಗೂ ಅದನ್ನೇ ನುಂಗುತ್ತಿದ್ದಳು. ಬಿ ಕಾಂಪ್ಲೆಕ್ಸ್‌ನಲ್ಲಿ ಕಬ್ಬಿಣ ಇರುವುದಿಲ್ಲ.

ಇವಳೊಬ್ಬಳ ಕತೆಯಲ್ಲ ಇದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 57% ಮಂದಿಗೆ ರಕ್ತಹೀನತೆ ಇತ್ತು. ಅದರಲ್ಲಿ ಎಷ್ಟೋ ಮಂದಿ ತಮಗಿರುವುದು ಸೋಮಾರಿತನ ಅಂದುಕೊಂಡಿರುತ್ತಾರೆ.

ಯಾವ ಪರೀಕ್ಷೆ ಮಾಡಿಸಬೇಕು

ಎಲ್ಲರೂ ಎಲ್ಲವನ್ನೂ ಮಾಡಿಸಬೇಕಿಲ್ಲ. ಎರಡು ವಾರ ಸರಿಯಾಗಿ ಉಂಡು ಮಲಗಿದರೂ ಸುಸ್ತು ಹೋಗದಿದ್ದರೆ ಡಾಕ್ಟರ್ ಹತ್ತಿರ ಹೋಗಿ. ಅವರು ಸಾಮಾನ್ಯವಾಗಿ ಮೊದಲು ಬರೆಯುವುದು ಸಿಬಿಸಿ, ಅಂದರೆ ರಕ್ತದ ಎಣಿಕೆ. ಖರ್ಚೂ ಕಡಿಮೆ, ಖಾಲಿ ಹೊಟ್ಟೆಯಲ್ಲಿ ಹೋಗಬೇಕೆಂದೂ ಇಲ್ಲ. ಆ ರಿಪೋರ್ಟಿನಲ್ಲಿ ಎಲ್ಲರೂ ಹಿಮೋಗ್ಲೋಬಿನ್ ಒಂದನ್ನೇ ನೋಡುತ್ತಾರೆ. ಅದರ ಕೆಳಗೆ ಎಂಸಿವಿ ಅಂತ ಇರುತ್ತದೆ, ಅದನ್ನೂ ನೋಡಿ. ರಕ್ತಕಣದ ಗಾತ್ರ ಅದು. 80ಕ್ಕಿಂತ ಕಡಿಮೆಯಿದ್ದರೆ ಕಣ ಸಣ್ಣದಾಗಿದೆ, ಹೆಚ್ಚಾಗಿ ಕಬ್ಬಿಣದ ಕೊರತೆ. 100ಕ್ಕಿಂತ ಜಾಸ್ತಿಯಿದ್ದರೆ ಕಣ ದೊಡ್ಡದಾಗಿದೆ, ಬಿ12 ಅಥವಾ ಫೋಲಿಕ್ ಆಸಿಡ್ ಕಡೆ ಅನುಮಾನ. ತೀರ್ಮಾನ ಡಾಕ್ಟರದ್ದೇ, ಆದರೆ ನಿಮ್ಮ ರಿಪೋರ್ಟು ನಿಮಗೂ ಓದಲು ಬರಬೇಕು.

ಬಿ12, ವಿಟಮಿನ್ ಡಿ, ಥೈರಾಯಿಡ್ ಪರೀಕ್ಷೆ ಬೇಕೋ ಬೇಡವೋ ಅವರೇ ಹೇಳುತ್ತಾರೆ. ಇವು ಸ್ವಲ್ಪ ದುಬಾರಿ. ಒಂದು ಎಚ್ಚರ: ಯಾರೋ ಹೇಳಿದರು ಅಂತ ಬಿ12 ಇಂಜೆಕ್ಷನ್ ಚುಚ್ಚಿಸಿಕೊಂಡು ಆಮೇಲೆ ಪರೀಕ್ಷೆಗೆ ಹೋಗಬೇಡಿ. ರಕ್ತದಲ್ಲಿ ಬಿ12 ತುಂಬಿ ತುಳುಕುತ್ತಿರುತ್ತದೆ, ನಿಜವಾದ ಸ್ಥಿತಿ ಗೊತ್ತಾಗುವುದಿಲ್ಲ. ಕೂದಲು ಉದುರುತ್ತೆ ಅಂತ ಬಯೋಟಿನ್ ತಿನ್ನುವ ಹುಡುಗಿಯರು ಥೈರಾಯಿಡ್ ಪರೀಕ್ಷೆಗೆ ಮೊದಲು ಅದನ್ನು ಹೇಳಲೇಬೇಕು. ಬಯೋಟಿನ್ ಕೆಲವು ಪರೀಕ್ಷೆಗಳ ಲೆಕ್ಕವನ್ನೇ ತಪ್ಪಿಸುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲೇ ಈ ಬಗ್ಗೆ ಎಚ್ಚರಿಸಿದೆ.

ಕಬ್ಬಿಣ: ನಾನು ಮಾಡಿದ ತಪ್ಪು

ಡಿ.ಫಾರ್ಮ ಓದುವಾಗ ನನಗೂ ರಕ್ತ ಕಡಿಮೆ ಇತ್ತು, 9 ಚಿಲ್ಲರೆ. ಡಾಕ್ಟರ್ ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ಒಂದು ದಿನವೂ ತಪ್ಪಿಸಲಿಲ್ಲ. ಮಧ್ಯಾಹ್ನ ಊಟ, ಮಾತ್ರೆ, ಅದರ ಹಿಂದೆಯೇ ಕಾಫಿ. ಅಮ್ಮ ಊರಿಂದ ಕಳಿಸಿದ ಕಾಫಿಪುಡಿ, ಹಾಸ್ಟೆಲ್ ರೂಮಲ್ಲಿ ಕದ್ದು ಇಟ್ಟುಕೊಂಡ ಕಾಯಿಲ್. ಮೂರು ತಿಂಗಳಾದ ಮೇಲೆ ನೋಡಿದರೆ ಹಿಮೋಗ್ಲೋಬಿನ್ ಹೆಚ್ಚುಕಮ್ಮಿ ಇದ್ದಲ್ಲೇ ಇತ್ತು. ಡಾಕ್ಟರ್ ಕೇಳಿದ್ದು ಒಂದೇ ಮಾತು, "ಯಾವುದರ ಜೊತೆ ತಗೊಳ್ತೀಯಮ್ಮ?" ಕಾಫಿ, ಟೀಯಲ್ಲಿರುವ ಒಗರಿನ ಅಂಶ ಕಬ್ಬಿಣವನ್ನು ಹಿಡಿದುಕೊಂಡುಬಿಡುತ್ತದೆ, ಮೈಗೆ ಹತ್ತಲು ಬಿಡುವುದಿಲ್ಲ. ಅದು ನನ್ನ ಪಠ್ಯದಲ್ಲೇ ಇತ್ತು. ಪರೀಕ್ಷೆಗೆ ಬರೆದು ಮಾರ್ಕ್ಸೂ ತಗೊಂಡಿದ್ದೆ.

ಆದ್ದರಿಂದ ಕಬ್ಬಿಣದ ಮಾತ್ರೆ ತಿನ್ನುವ ಕ್ರಮ ಹೀಗೆ. ಊಟಕ್ಕೆ ಒಂದು ಗಂಟೆ ಮೊದಲು ಅಥವಾ ಊಟವಾಗಿ ಎರಡು ಗಂಟೆ ಆದ ಮೇಲೆ ನೀರಿನ ಜೊತೆ ತಗೊಳ್ಳಿ. ನಿಂಬೆಹಣ್ಣಿನ ಪಾನಕದ ಜೊತೆಯಾದರೆ ಇನ್ನೂ ಒಳ್ಳೆಯದು, ವಿಟಮಿನ್ ಸಿ ಇದ್ದರೆ ಕಬ್ಬಿಣ ಚೆನ್ನಾಗಿ ಹತ್ತುತ್ತದೆ. ಖಾಲಿ ಹೊಟ್ಟೆಗೆ ವಾಕರಿಕೆ ಬಂದರೆ ಊಟದ ಜೊತೆಯೇ ತಗೊಳ್ಳಿ, ಬಿಡುವುದಕ್ಕಿಂತ ಅದು ವಾಸಿ. ಕಾಫಿ, ಟೀ, ಹಾಲು ಎರಡು ಗಂಟೆ ದೂರ ಇರಲಿ. ಕ್ಯಾಲ್ಸಿಯಂ ಮಾತ್ರೆಯೂ ಇದ್ದರೆ ಒಂದು ಬೆಳಗ್ಗೆ, ಇನ್ನೊಂದು ರಾತ್ರಿ. ಮಲ ಕಪ್ಪಗೆ ಬರುತ್ತದೆ, ಹೆದರಬೇಡಿ. ಮಲಬದ್ಧತೆ ಆದರೆ ಡಾಕ್ಟರಿಗೆ ಹೇಳಿ ಮಾತ್ರೆ ಬದಲಾಯಿಸಿಕೊಳ್ಳಿ, ಸುಮ್ನೆ ನಿಲ್ಲಿಸಬೇಡಿ. ಹಿಮೋಗ್ಲೋಬಿನ್ ಸರಿಯಾದ ಮೇಲೂ ಮೈಯಲ್ಲಿ ದಾಸ್ತಾನು ತುಂಬಲು ಎರಡು ಮೂರು ತಿಂಗಳು ಮುಂದುವರಿಸಬೇಕಾಗುತ್ತದೆ.

ಹೈಸ್ಕೂಲಿನಲ್ಲಿ ನೀಲಿ ಮಾತ್ರೆ ಕೊಟ್ಟಿದ್ದು ನೆನಪಿದೆಯಾ? ವಾರಕ್ಕೊಂದು, 60 ಮಿ.ಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್. ಕಿಟಕಿಯಿಂದ ಹೊರಗೆ ಎಸೆದೆವು ಅಂತ ಎಷ್ಟು ಮಕ್ಕಳು ನನ್ನ ಹತ್ತಿರ ನಗುನಗುತ್ತಾ ಹೇಳಿದ್ದಾರೋ! ಎಸೆದದ್ದು ಎಸೆದಾಯ್ತು.

ರಕ್ತ ಕಡಿಮೆ ಇದೆ ಅಂತ ಗೊತ್ತಿಲ್ಲದೆ ಹುಡುಗರು "ಇರಲಿ, ಶಕ್ತಿಗೆ" ಅಂತ ಕಬ್ಬಿಣ ತಿನ್ನಬಾರದು. ಕಬ್ಬಿಣ ಜಾಸ್ತಿಯಾದರೆ ಮೈಯಿಂದ ಹೊರಗೆ ಹಾಕುವ ದಾರಿ ಇಲ್ಲ.

ಬಿ ಕಾಂಪ್ಲೆಕ್ಸ್, ಬಿ12

ಪರೀಕ್ಷೆ ಹೊತ್ತಲ್ಲಿ ಹೆಚ್ಚು ಖರ್ಚಾಗುವುದು ಇದೇ. ಒಂದು ರಾತ್ರಿ ಶಟರ್ ಎಳೆಯುವ ಹೊತ್ತಿಗೆ ಇಬ್ಬರು ಹುಡುಗರು ಓಡಿ ಬಂದರು. ಒಬ್ಬನ ಮುಖ ಬಿಳಿಚಿಕೊಂಡಿತ್ತು. "ಇವನಿಗೆ ಕಾಮಾಲೆ ಆಗಿದೆ ಆಂಟಿ, ನಾಟಿ ಔಷಧಿ ಎಲ್ಲಿ ಕೊಡ್ತಾರೆ?" ಯಾಕೋ ಅಂದರೆ ಮೂತ್ರ ಅರಿಶಿನದ ನೀರಿನ ಹಾಗೆ ಹೋಗುತ್ತಿದೆಯಂತೆ. ಕಣ್ಣು ನೋಡಿದೆ, ಬೆಳ್ಳಗೇ ಇತ್ತು. ಜ್ವರ ಇಲ್ಲ, ವಾಂತಿ ಇಲ್ಲ, ಅನ್ನ ಸೇರುತ್ತಿದೆ. "ಬೆಳಗ್ಗೆ ಏನು ನುಂಗಿದೆ?" ಬಿ ಕಾಂಪ್ಲೆಕ್ಸ್. ಅದರಲ್ಲಿರುವ ಬಿ2, ಅಂದರೆ ರೈಬೋಫ್ಲೇವಿನ್, ತಾನೇ ಹಳದಿ ಬಣ್ಣದ್ದು. ಮೈಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಹೊರಗೆ ಕಳಿಸುತ್ತದೆ. ಅವನಿಗೆ ಕಾಮಾಲೆಯೂ ಇರಲಿಲ್ಲ, ಬಹುಶಃ ಬಿ2 ಕೊರತೆಯೂ ಇರಲಿಲ್ಲ.

ಟೆನ್ಷನ್‌ಗೆ ಇದು ಕೆಲಸ ಮಾಡುತ್ತಾ ಅನ್ನುವುದಕ್ಕೆ ನನ್ನ ಉತ್ತರ: ಸ್ವಲ್ಪ, ಕೆಲವರಿಗೆ. 2022ರಲ್ಲಿ ಇಂಗ್ಲೆಂಡಿನ ರೀಡಿಂಗ್ ವಿಶ್ವವಿದ್ಯಾಲಯದವರು ಒಂದು ಅಧ್ಯಯನ ಪ್ರಕಟಿಸಿದರು. ಚಿಕ್ಕ ವಯಸ್ಸಿನವರಿಗೆ ಸುಮಾರು ಒಂದು ತಿಂಗಳು ದಿನಾ 100 ಮಿ.ಗ್ರಾಂ ಬಿ6 ಕೊಟ್ಟು ನೋಡಿದರು. ಆತಂಕ ಕೊಂಚ ಕಡಿಮೆಯಾಯ್ತು ಅಂತ ಅವರು ಹೇಳಿಕೊಂಡರು. ಆತಂಕಕ್ಕೆಂದೇ ಕೊಡುವ ಔಷಧಿಗೆ ಹೋಲಿಸಿದರೆ ಆ ಪರಿಣಾಮ ಸಣ್ಣದು ಅಂತ ಸಂಶೋಧಕರೇ ಬರೆದರು. ಸುದ್ದಿ ಓದಿ ಒಬ್ಬ ಹುಡುಗ 100 ಮಿ.ಗ್ರಾಂ ಬಿ6 ಕೇಳಿಕೊಂಡು ಬಂದ. ನಾನು ಕೊಡಲಿಲ್ಲ. ದಿನಕ್ಕೆ ಬೇಕಾಗುವುದು ಸುಮಾರು 2 ಮಿ.ಗ್ರಾಂ. ದೊಡ್ಡ ಪ್ರಮಾಣದಲ್ಲಿ ತಿಂಗಳುಗಟ್ಟಲೆ ತಿಂದರೆ ಬಿ6 ನರಗಳಿಗೇ ಪೆಟ್ಟು ಕೊಡುತ್ತದೆ, ಕೈಕಾಲು ಜೋಮು ಹಿಡಿಯುತ್ತದೆ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2023ರಲ್ಲಿ ದಿನದ ಮಿತಿಯನ್ನು 12 ಮಿ.ಗ್ರಾಂಗೆ ಇಳಿಸಿದ್ದು ಅದಕ್ಕೇ.

ಹಾಗಾದರೆ ಬಿ ಕಾಂಪ್ಲೆಕ್ಸ್ ಬೇಡವೇ ಬೇಡವಾ? ಊಟ ಸರಿಯಿಲ್ಲದವರು, ಬಾಯಿ ಹುಣ್ಣಾಗುವವರು ದಿನಕ್ಕೊಂದು ಮಾಮೂಲಿ ಮಾತ್ರೆಯನ್ನು ತಿಂಡಿ ಆದ ಮೇಲೆ ಎರಡು ಮೂರು ವಾರ ತಗೊಂಡರೆ ತೊಂದರೆ ಇಲ್ಲ. ಬೆಳಗ್ಗೆ ಎರಡು, ರಾತ್ರಿ ಎರಡು ನುಂಗಿದರೆ ಡಬಲ್ ನೆನಪಿನ ಶಕ್ತಿ ಬರುವುದಿಲ್ಲ.

ಬಿ12 ವಿಷಯ ಬೇರೆ. ಸೊಪ್ಪು ತರಕಾರಿಯಲ್ಲಿ ಅದು ಇಲ್ಲ. ಮೀನು, ಮಾಂಸ, ಮೊಟ್ಟೆ, ಹಾಲು ಮೊಸರಿನಲ್ಲಿ ಮಾತ್ರ. ನಮ್ಮ ಮಲೆನಾಡಿನ ಸಸ್ಯಾಹಾರಿ ಮನೆಗಳಲ್ಲಿ ಹಾಲು ಮೊಸರಿಗೆ ಬರವಿಲ್ಲ, ಆದರೆ ಅದೇ ಮನೆಯ ಮಕ್ಕಳು ಹಾಸ್ಟೆಲ್ಲಿಗೆ ಬಂದ ಮೇಲೆ ಕಾಣುವುದು ನೀರು ಮಜ್ಜಿಗೆ. ಬಿ12 ಕಡಿಮೆಯಾದರೆ ಸುಸ್ತು, ಮರೆವು, ಅಂಗಾಲು ಜುಮ್ಮೆನ್ನುವುದು, ಮನಸ್ಸು ಮಂಕಾಗುವುದು ಎಲ್ಲ ಆಗುತ್ತದೆ. ಥೇಟ್ ಪರೀಕ್ಷೆ ಟೆನ್ಷನ್ ಹಾಗೇ ಕಾಣುತ್ತದೆ. ಪಿಸಿಒಡಿಗೆ, ಅಂದರೆ ಮುಟ್ಟು ಏರುಪೇರಾಗುವ ಅಂಡಾಶಯದ ತೊಂದರೆಗೆ, ಮೆಟ್‌ಫಾರ್ಮಿನ್ ಮಾತ್ರೆ ತಗೊಳ್ಳುವ ಹುಡುಗಿಯರಲ್ಲೂ ಬಿ12 ಇಳಿಯಬಹುದು. ದಿನಕ್ಕೆ ಬೇಕಾಗುವುದು 2.2 ಮೈಕ್ರೋಗ್ರಾಂ. ಮಾತ್ರೆಯಲ್ಲಿ 1500 ಇದೆಯಲ್ಲ ಅಂತ ಗಾಬರಿ ಆಗಬೇಡಿ, ಅದರಲ್ಲಿ ಮೈಗೆ ಹತ್ತುವುದು ಸಣ್ಣ ಪಾಲು ಮಾತ್ರ. ಎಷ್ಟು ದಿನ ಅನ್ನುವುದು ರಿಪೋರ್ಟ್ ನೋಡಿ ಡಾಕ್ಟರ್ ಹೇಳಬೇಕು.

ಭಾನುವಾರದ ಮಾತ್ರೆ

ವಿಟಮಿನ್ ಡಿ ಬಗ್ಗೆ ನಮ್ಮವರಿಗೆ ಒಂದು ಹೇಳಿಕೊಳ್ಳುವಂಥ ಕಾರಣವಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಗುಂಬೆ, ಹೊಸನಗರದ ಕಡೆ ಬಿಸಿಲು ನೆಂಟರ ಹಾಗೆ ಬಂದು ಹೋಗುತ್ತದೆ. ಉಳಿದ ತಿಂಗಳು ಬಿಸಿಲಿದ್ದರೂ ಮಕ್ಕಳು ರೂಮಿನೊಳಗೆ. ಕಿಟಕಿ ಪಕ್ಕ ಕೂತು ಓದುತ್ತೇನಲ್ಲ ಅನ್ನುತ್ತಾರೆ. ಗಾಜಿನ ಒಳಗೆ ಬರುವ ಬಿಸಿಲಿನಿಂದ ವಿಟಮಿನ್ ಡಿ ಆಗುವುದಿಲ್ಲ, ಬೇಕಾದ ಕಿರಣವನ್ನು ಗಾಜು ತಡೆಯುತ್ತದೆ.

ಕೊರತೆ ಇದ್ದವರಿಗೆ ಡಾಕ್ಟರ್ ಬರೆಯುವುದು ಸಾಮಾನ್ಯವಾಗಿ 60,000 ಐಯು (ವಿಟಮಿನ್ ಅಳೆಯುವ ಒಂದು ಲೆಕ್ಕ), ವಾರಕ್ಕೆ ಒಂದು, ಎಂಟು ವಾರ. ನನ್ನ ತಂಗಿ ಮಗ ಎಂಟು ಮಾತ್ರೆಯನ್ನು ಎಂಟು ದಿನದಲ್ಲಿ ಮುಗಿಸಿ ಒಂಬತ್ತನೆಯ ದಿನ ಫೋನ್ ಮಾಡಿದ, "ದೊಡ್ಡಮ್ಮಾ, ಇನ್ನೊಂದು ಪ್ಯಾಕ್ ಇಡು, ಶನಿವಾರ ಬರ್ತೀನಿ." ಕವರಿನ ಮೇಲೆ "ವಾರಕ್ಕೊಂದು" ಅಂತ ನಾನೇ ಬರೆದಿದ್ದೆ. ಕವರು ಬಸ್ಸಿನಲ್ಲೇ ಕಿಟಕಿಯಿಂದ ಹಾರಿತ್ತು. ದಿನಕ್ಕೆ ಬೇಕಾಗುವುದು 600 ಐಯು. ಅವನು ನುಂಗಿದ್ದು ಅದರ ನೂರು ಪಟ್ಟು, ದಿನಾ. ಡಿ ಕೊಬ್ಬಿನಲ್ಲಿ ಕರಗುವಂಥದ್ದು, ಬಿ ಹಾಗೆ ಮೂತ್ರದಲ್ಲಿ ಹೋಗುವುದಿಲ್ಲ, ಮೈಯಲ್ಲೇ ಕೂರುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ವಿಪರೀತ ಬಾಯಾರಿಕೆ, ಕಿಡ್ನಿ ತೊಂದರೆ ಆಗಬಹುದು. ಪುಣ್ಯಕ್ಕೆ ಅವನ ಕ್ಯಾಲ್ಸಿಯಂ ಸರಿಯಾಗೇ ಇತ್ತು, ಡಾಕ್ಟರ ಹತ್ತಿರ ಬೈಸಿಕೊಂಡು ಬಂದ. ಅವತ್ತಿನಿಂದ ನಾನು ಕವರಿನ ಮೇಲೆ ಬರೆಯುವುದಿಲ್ಲ. ಮಾರ್ಕರ್ ಪೆನ್ನಿನಲ್ಲಿ ಒಂದೊಂದು ಮಾತ್ರೆಯ ಹಿಂದೆ "ಭಾನು", "ಭಾನು", "ಭಾನು" ಅಂತ ಬರೆದು ಕೊಡುತ್ತೇನೆ. ನೀವೂ ಹಾಗೆ ಮಾಡಿಕೊಳ್ಳಿ. ಊಟದ ಜೊತೆ, ಅದರಲ್ಲೂ ತುಪ್ಪವೋ ಮೊಟ್ಟೆಯೋ ಇರುವ ಊಟದ ಜೊತೆ ತಗೊಂಡರೆ ಚೆನ್ನಾಗಿ ಹತ್ತುತ್ತದೆ.

ಉಳಿದವು

ವಿಟಮಿನ್ ಸಿ: ಚೀಪುವ ಕಿತ್ತಳೆ ಮಾತ್ರೆಯಲ್ಲಿ 500 ಮಿ.ಗ್ರಾಂ ಇರುತ್ತದೆ. ಬೇಕಾಗುವುದು ಗಂಡಸರಿಗೆ ದಿನಕ್ಕೆ 80, ಹೆಂಗಸರಿಗೆ 65. ಚಾಕಲೇಟಿನ ಹಾಗೆ ದಿನಕ್ಕೆ ಐದಾರು ಚೀಪಿದರೆ ಹೊಟ್ಟೆ ಕೆಡುತ್ತದೆ, ಕಿಡ್ನಿಯಲ್ಲಿ ಕಲ್ಲಾಗುವ ಪ್ರವೃತ್ತಿ ಇದ್ದವರಿಗೆ ಇನ್ನೂ ಕಷ್ಟ. ಗಾಂಧಿ ಬಜಾರಿನಲ್ಲಿ ಒಂದು ಸೀಬೆಹಣ್ಣು ತಗೊಂಡು ಉಪ್ಪು ಹಚ್ಚಿ ತಿಂದರೆ ದಿನದ ಲೆಕ್ಕ ಮುಗಿಯಿತು. ಬೆಟ್ಟದ ನೆಲ್ಲಿಕಾಯಿ ಸಿಗುವ ಕಾಲದಲ್ಲಿ ಮಾತ್ರೆ ಕೇಳುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ.

ಜಿಂಕ್, ಮೆಗ್ನೀಸಿಯಂ ನಿದ್ದೆಗೆ ಒಳ್ಳೆಯದಂತೆ ಅಂತ ರೀಲ್ಸ್ ನೋಡಿ ಬರುತ್ತಾರೆ. ಮುಷ್ಟಿ ಕಡಲೆಬೀಜ, ಹುರುಳಿ ಸಾರು, ಎಳ್ಳು ತಿನ್ನಿ ಅನ್ನುತ್ತೇನೆ. ಅಶ್ವಗಂಧವನ್ನು ಗಿಡಮೂಲಿಕೆ, ಏನೂ ಆಗಲ್ಲ ಅಂದುಕೊಂಡು ತಿನ್ನಬೇಡಿ. ಅದರಿಂದ ಲಿವರಿಗೆ ತೊಂದರೆಯಾದ ಪ್ರಕರಣಗಳು ವರದಿಯಾಗಿವೆ. ಬಣ್ಣಬಣ್ಣದ ಗಮ್ಮಿಗಳ ಬಗ್ಗೆ ಹೇಳುವುದೇನಿಲ್ಲ, ಸಕ್ಕರೆ.

ಯಾವುದರ ಜೊತೆ ಯಾವುದು ಕೂಡದು ಅನ್ನುವುದು ಮುಖ್ಯ. ಮೊಡವೆಗೆ ಐಸೊಟ್ರೆಟಿನಾಯಿನ್ ತಗೊಳ್ಳುತ್ತಿದ್ದರೆ ವಿಟಮಿನ್ ಎ ಇರುವ ಮಲ್ಟಿವಿಟಮಿನ್ ಬೇಡವೇ ಬೇಡ, ಅದು ಎ ವಿಟಮಿನ್ನಿನ ದಾಯಾದಿಯೇ. ಥೈರಾಯಿಡ್ ಮಾತ್ರೆಗೂ ಕಬ್ಬಿಣ, ಕ್ಯಾಲ್ಸಿಯಂಗೂ ನಾಲ್ಕು ಗಂಟೆ ಅಂತರ ಇರಲಿ. ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಸಿನ್ ಥರದ ಆಂಟಿಬಯೋಟಿಕ್ ನಡೆಯುತ್ತಿದ್ದರೆ ಕಬ್ಬಿಣ, ಜಿಂಕ್, ಕ್ಯಾಲ್ಸಿಯಂ ಜೊತೆಜೊತೆಗೆ ನುಂಗಬೇಡಿ. ಆಂಟಿಬಯೋಟಿಕ್ ವ್ಯರ್ಥವಾಗುತ್ತದೆ.

ಡಬ್ಬಿ ತಿರುಗಿಸಿ ನೋಡಿ. ನಮ್ಮ ದೇಶದ ಆಹಾರ ಸುರಕ್ಷತಾ ಸಂಸ್ಥೆ ಎಫ್ಎಸ್ಎಸ್ಎಐನ 14 ಅಂಕಿಯ ನಂಬರ್ ಇದ್ದರೆ ಅದು ಆಹಾರದ ಲೆಕ್ಕದಲ್ಲಿ ಮಾರುವ ಪೂರಕ, ಔಷಧಿ ಅಲ್ಲ. ಕಾಯಿಲೆ ಗುಣ ಮಾಡುತ್ತೇವೆ ಅಂತ ಅವರು ಹೇಳುವ ಹಾಗಿಲ್ಲ. "ಒಂದು ಸರ್ವಿಂಗ್" ಅಂದರೆ ಎಷ್ಟು ಮಾತ್ರೆ ಅಂತಲೂ ನೋಡಿ, ಕೆಲವು ಡಬ್ಬಿಯಲ್ಲಿ ಅದು ಎರಡೋ ಮೂರೋ ಇರುತ್ತದೆ. ಮಡಿವಂತ ಮನೆಯ ಮಕ್ಕಳಿಗೆ ಒಂದು ಮಾತು: ಎಷ್ಟೋ ಕ್ಯಾಪ್ಸೂಲಿನ ಸಿಪ್ಪೆ ಜೆಲಾಟಿನ್, ಪ್ರಾಣಿಯ ಮೂಳೆ ಚರ್ಮದಿಂದ ಮಾಡಿದ್ದು. ಬೇಡವಾದರೆ ಮಾತ್ರೆ ರೂಪದ್ದು ಕೇಳಿ. ಕ್ಯಾಪ್ಸೂಲ್ ಬಿಚ್ಚಿ ಪುಡಿ ಮಾತ್ರ ನೀರಿಗೆ ಹಾಕಿಕೊಂಡು ಕುಡಿದ ಹುಡುಗಿಯನ್ನು ನೋಡಿದ್ದೇನೆ. ಅವಳ ಮುಖ ಅವತ್ತಿಡೀ ಹುಳಿ ಹಿಂಡಿದ ಹಾಗಿತ್ತು.

ಮಾತ್ರೆ ತಲುಪದ ಜಾಗ

ಈಗ ಟೆನ್ಷನ್. ರಿಪೋರ್ಟ್ ಎಲ್ಲ ಸರಿಯಿದೆ, ಆದರೂ ಎದೆ ಡವಡವ, ನಿದ್ದೆ ಇಲ್ಲ ಅನ್ನುವವರಿಗೆ ನಾನು ಕೇಳುವುದು ಕಾಫಿ ಲೆಕ್ಕ. ಕುಡಿದ ಕಾಫಿಯ ಅರ್ಧ ಕೆಫೀನ್ ಐದು ಗಂಟೆಯಾದರೂ ಮೈಯಲ್ಲೇ ಇರುತ್ತದೆ. ರಾತ್ರಿ ಒಂಬತ್ತಕ್ಕೆ ಸ್ಟ್ರಾಂಗ್ ಕಾಫಿ ಕುಡಿದವನಿಗೆ ಎರಡು ಗಂಟೆಗೂ ಕಣ್ಣು ಮುಚ್ಚುವುದಿಲ್ಲ. ಮುಚ್ಚದ ಕಣ್ಣಿಗೆ ಬೆಳಗ್ಗೆ ಮತ್ತೆರಡು ಕಾಫಿ. ಎನರ್ಜಿ ಡ್ರಿಂಕ್ ಇನ್ನೊಂದು ಉಪದ್ರ. ಲೀಟರಿಗೆ 300 ಮಿ.ಗ್ರಾಂವರೆಗೂ ಕೆಫೀನ್ ಹಾಕಲು ನಮ್ಮಲ್ಲಿ ಅವಕಾಶವಿದೆ. ಅದರ ಡಬ್ಬಿ ಮೇಲೆ ಬಿ ವಿಟಮಿನ್ ಹೆಸರು ದೊಡ್ಡದಾಗಿ ಬರೆದಿರುತ್ತಾರೆ, ಎಬ್ಬಿಸಿ ಕೂರಿಸುವುದು ಮಾತ್ರ ಕೆಫೀನ್, ಸಕ್ಕರೆ. ಸಂಜೆ ನಾಲ್ಕಾದ ಮೇಲೆ ಕಾಫಿ ಬಿಡಿ. ರಾತ್ರಿ ಬಿಸಿ ಏನಾದರೂ ಬೇಕು ಅನಿಸಿದರೆ ನಮ್ಮೂರಿನ ಕಷಾಯ ಇದೆಯಲ್ಲ, ಕೊತ್ತಂಬರಿ, ಜೀರಿಗೆ, ಎರಡು ಕಾಳು ಮೆಣಸು ಹುರಿದು ಪುಡಿ ಮಾಡಿದ್ದು. ಅಮ್ಮನಿಗೆ ಹೇಳಿದರೆ ಒಂದು ಡಬ್ಬಿ ಕಳಿಸುತ್ತಾರೆ. ಹಾಲು ಬೆಲ್ಲ ಹಾಕಿ ಕಾಯಿಸಿದರೆ ಓದುವುದಕ್ಕೂ ಸೈ, ಮಲಗುವುದಕ್ಕೂ ಸೈ.

ಊಟವನ್ನು ಪೂರ್ತಿ ಬದಲಾಯಿಸಿ ಅಂತ ಹಾಸ್ಟೆಲ್ ಮಕ್ಕಳಿಗೆ ಹೇಳಿ ಪ್ರಯೋಜನವಿಲ್ಲ, ಮೆಸ್ಸಿನ ಮೆನು ಅವರ ಕೈಯಲ್ಲಿಲ್ಲ. ಅವರ ಕೈಯಲ್ಲಿರುವುದು ಸಣ್ಣದು. ದಿನಕ್ಕೆರಡು ಬೇಯಿಸಿದ ಮೊಟ್ಟೆ, ಅದು ಬೇಡದವರಿಗೆ ಒಂದು ಲೋಟ ಗಟ್ಟಿ ಮೊಸರು. ಒಂದು ಹಣ್ಣು. ಮೀನು ತಿನ್ನುವವರು ವಾರಕ್ಕೊಮ್ಮೆ ಬೂತಾಯಿ ಊಟ ಮಾಡಿದರೆ ಬಿ12, ಡಿ ಎರಡೂ ಸಿಗುತ್ತವೆ, ಅದು ಅಗ್ಗದ ಮೀನು ಬೇರೆ. ಊರಿಗೆ ಹೋದಾಗ ನುಗ್ಗೆಸೊಪ್ಪಿನ ಪಲ್ಯ, ಒಂದೆಲಗದ ತಂಬುಳಿ ಮಾಡಿಸಿಕೊಂಡು ತಿನ್ನಿ. ತಂಬುಳಿಯಿಂದ ರ‍್ಯಾಂಕ್ ಬರುತ್ತೆ ಅಂತ ನಾನು ಹೇಳುವುದಿಲ್ಲ, ನಮ್ಮಜ್ಜಿ ಹೇಳುತ್ತಿದ್ದರು. ಬಿಸಿ ಅನ್ನಕ್ಕೆ ಅದು ರುಚಿ, ಅಷ್ಟು ಸಾಕು.

ಇನ್ನೂ ಒಂದು ಥರದವರು ಬರುತ್ತಾರೆ. ಅಂಗಡಿ ಖಾಲಿಯಾಗುವವರೆಗೆ ಪಕ್ಕದಲ್ಲಿ ನಿಂತು ಕಾಯುತ್ತಾರೆ. ಆಮೇಲೆ ಮೆಲ್ಲಗೆ, "ನಿದ್ದೆ ಮಾತ್ರೆ ಇದ್ಯಾ ಮೇಡಂ?" ಚೀಟಿ ಇಲ್ಲದೆ ಕೊಡುವುದಿಲ್ಲ. ಚೀಟಿ ಇದ್ದರೂ ಅಂಥ ಮಾತ್ರೆಗಳನ್ನು ಹೆಸರು, ವಿಳಾಸ ಸಮೇತ ರಿಜಿಸ್ಟರಿನಲ್ಲಿ ಬರೆಯಬೇಕು. ಆದರೆ ಇಲ್ಲ ಅಂದು ಕಳಿಸಿಬಿಟ್ಟರೆ ಆ ಹುಡುಗ ಎಲ್ಲಿಗೆ ಹೋಗುತ್ತಾನೆ? ಹಾಗಾಗಿ ಸ್ಟೂಲು ಕೊಟ್ಟು ಕೂರಿಸುತ್ತೇನೆ. ಎರಡು ವಾರದಿಂದ ಯಾವುದರಲ್ಲೂ ಮನಸ್ಸಿಲ್ಲ, ಊಟ ಬೇಡ, ಸುಮ್ಮಸುಮ್ಮನೆ ಅಳು ಬರುತ್ತದೆ, ಬದುಕಿ ಏನು ಪ್ರಯೋಜನ ಅನಿಸುತ್ತದೆ ಅಂದರೆ ಅಲ್ಲಿ ವಿಟಮಿನ್ ಮಾತು ಆಡಲೇಬಾರದು. 14416 ಅಂತ ಒಂದು ನಂಬರ್ ಇದೆ, ಟೆಲಿಮಾನಸ್ ಅಂತ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 2022ರ ಅಕ್ಟೋಬರಿನಲ್ಲಿ ಶುರುವಾದದ್ದು. ಹಗಲು ರಾತ್ರಿ ಯಾವಾಗಲೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನನ್ನ ಗಲ್ಲಾಪೆಟ್ಟಿಗೆ ಪಕ್ಕ ಆ ನಂಬರನ್ನು ದಪ್ಪಕ್ಷರದಲ್ಲಿ ಬರೆದು ಅಂಟಿಸಿದ್ದೇನೆ. ಎದುರು ಕೂತು ಮಾತಾಡಬೇಕು ಅನ್ನುವವರಿಗೆ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯರ ವಿಭಾಗವಿದೆ. ಒಬ್ಬನೇ ಹೋಗಲು ಮುಜುಗರವಾದರೆ ರೂಮ್‌ಮೇಟನ್ನು ಕರೆದುಕೊಂಡು ಹೋಗಿ.

ಹೊಸನಗರದ ಹುಡುಗಿ ತಿಂಗಳ ಮೇಲೆ ಬಂದಳು. ಹಿಮೋಗ್ಲೋಬಿನ್ 10.4. ಮೆಟ್ಟಿಲು ಹತ್ತಿ ಬಂದು ನಿಂತು, ಏದುಸಿರಿಲ್ಲದೆ, "ಆಂಟಿ ಅದೇ ಮಾತ್ರೆ ಇನ್ನೊಂದು ತಿಂಗಳಿಗೆ" ಅಂದಳು. ಯಾವುದು ಅಂತ ಕೇಳಿದರೆ ಪರ್ಸಿನಿಂದ ಹಳೆ ಶೀಟು ತೆಗೆದು ತೋರಿಸಿದಳು. ಹೆಸರು ಬರೆದಿದ್ದ ಭಾಗವನ್ನೇ ಮೊದಲು ಹರಿದು ಎಸೆದಿದ್ದಳು. ಉಳಿದದ್ದು ಬರೀ ಬೆಳ್ಳಿ ಕಾಗದ, ಎರಡು ಕೆಂಪು ಮಾತ್ರೆ. ಚೀಟಿಯೂ ತಂದಿರಲಿಲ್ಲ. ಮತ್ತೆ ಪಿಜಿಗೆ ಹೋಗಿ ಚೀಟಿ ತರಬೇಕಾಯ್ತು, ಆ ಮಳೆಯಲ್ಲಿ. ಆದ್ದರಿಂದ ಶೀಟು ಹಿಡಿದಾಗ ಮೊದಲು ಹೆಸರು, ಎಕ್ಸ್‌ಪೈರಿ ತಾರೀಖು ಎಲ್ಲಿದೆ ನೋಡಿ. ಮಾತ್ರೆ ತೆಗೆಯುವುದು ಅದರ ಎದುರಿನ ತುದಿಯಿಂದ.